ಬೆನ್ನುನೀರಿನಲ್ಲಿ ಹಳದಿ ಹುಡುಕಿದ್ದು

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಮಧ್ಯಾಹ್ನ ಕಾಲೇಜಿನ ಲೈಬ್ರರಿಯಲ್ಲಿ ಕೂತು ವೈದ್ಯಕೀಯ ಪತ್ರಿಕೆಯೊಂದನ್ನು ತಿರುವಿ ಹಾಕುತ್ತಿದ್ದೆ. ಏಡ್ಸ್ ಎಂಬುದು ಆಗಿನ್ನೂ ನಮ್ಮ ಕಡೆ ಪೇಪರಿನಲ್ಲಿ ಓದುವ ಸುದ್ದಿ ಮಾತ್ರ. ಎಚ್‌ಐವಿ ವೈರಸ್ ಮೆದುಳಿನೊಳಗೂ ಹೋಗಿ ಕೂರುತ್ತದಂತೆ. ಅದಕ್ಕೆಂದು ಬಂದಿರುವ ಹೊಸ ಮಾತ್ರೆ ಅಲ್ಲಿಯವರೆಗೆ ತಲುಪುತ್ತದೋ ಇಲ್ಲವೋ, ತಲುಪಿದರೂ ಒಳಗೆಲ್ಲ ಹರಡುತ್ತದೋ ಇಲ್ಲವೋ ಎಂದು ದೊಡ್ಡ ದೊಡ್ಡ ಊರುಗಳ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದರು. ಓದುತ್ತಾ ಓದುತ್ತಾ ನನ್ನ ಮೂಗಿಗೆ ಘಮ್ಮೆಂದು ಚಕ್ಕೆಯ ವಾಸನೆ ಬಂತು. "ಯಾರಾದರೂ ಡಬ್ಬಿಯಲ್ಲಿ ಪಲಾವ್ ತಂದಿದ್ದೀರಾ?" ಎಂದು ಪಕ್ಕದವರನ್ನು ಕೇಳಿಯೂ ಬಿಟ್ಟೆ. ಯಾರೂ ತಂದಿರಲಿಲ್ಲ. ಅದು ಆ ದಶಕದ ಶುರುವಿನಲ್ಲಿ ನಮ್ಮ ಲ್ಯಾಬಿನ ಗೋಡೆಗಳಿಗೆಲ್ಲ ಹತ್ತಿಕೊಂಡಿದ್ದ ವಾಸನೆ.

ಆಗ ನಾನು ದಾವಣಗೆರೆಯಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಬಯೋಕೆಮಿಸ್ಟ್ರಿ ಹೇಳಿಕೊಡುತ್ತಿದ್ದೆ. ವಾರ್ಡುಗಳಿಂದ ಬರುವ ರಕ್ತ, ಮೂತ್ರ, ಬೆನ್ನುನೀರಿನ ಪರೀಕ್ಷೆಗಳೂ ನನ್ನ ಪಾಲಿಗಿದ್ದವು. ಬೆನ್ನುನೀರು ಎಂದರೆ ಮೆದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದಿರುವ ತಿಳಿನೀರು; ಸೊಂಟದ ಹತ್ತಿರ ಎರಡು ಮೂಳೆಗಳ ನಡುವೆ ಸೂಜಿ ತೂರಿಸಿ ಅದನ್ನು ತೆಗೆಯುತ್ತಾರೆ. ಒಬ್ಬಳೇ ರೋಗಿಯ ಬೆನ್ನುನೀರು ಪದೇ ಪದೇ ನನ್ನ ಮೇಜಿಗೆ ಬರತೊಡಗಿತು. ಪ್ರತಿ ಸಲವೂ ಸಕ್ಕರೆ ಕಡಿಮೆ, ಪ್ರೋಟೀನ್ ಜಾಸ್ತಿ. ಮೆದುಳಿನ ಪೊರೆಗೆ ಕ್ಷಯ ತಗುಲಿದ ಲಕ್ಷಣ. ಚಿಕಿತ್ಸೆ ಶುರುವಾಗಿ ವಾರಗಳೇ ಕಳೆದಿದ್ದರೂ ಎಳ್ಳಷ್ಟೂ ಸುಧಾರಣೆ ಇಲ್ಲ. ನನಗೆ ಸುಮ್ಮನೆ ಕೂರಲಾಗಲಿಲ್ಲ. ರಿಪೋರ್ಟನ್ನು ಕೈಯಲ್ಲೇ ಹಿಡಿದುಕೊಂಡು ವಾರ್ಡಿಗೆ ಹೋದೆ.

ಇಪ್ಪತ್ತೈದರ ಆಸುಪಾಸಿನ ಹುಡುಗಿ. ಕತ್ತು ಕಟ್ಟಿಗೆಯಂತೆ ಸೆಟೆದಿತ್ತು. ಕಣ್ಣು ಅರೆ ಮುಚ್ಚಿತ್ತು. ಕರೆದರೆ ನರಳುತ್ತಿದ್ದಳು, ಅಷ್ಟೇ. ತಾಯಿ ಮಂಚದ ಪಕ್ಕ ಕೂತು ಒದ್ದೆ ಬಟ್ಟೆಯಿಂದ ಅವಳ ತುಟಿ ಒರೆಸುತ್ತಿದ್ದರು.

"ಯಾವೂರಮ್ಮಾ?" ಎಂದೆ.

"ಹರಿಹರದೋರ್ರಿ. ನನ್ ಮಗ್ಳು ಅಲ್ಲೇ ಟೆಲಿಫೋನ್ ಎಕ್ಸ್‌ಚೇಂಜ್‌ನಾಗೆ ಆಪರೇಟರ್ ಅದಾಳ್ರಿ. ಟ್ರಂಕ್ ಕಾಲ್ ಎಲ್ಲ ಆಕೀನೇ ಹಚ್ಚಾದು."

ಹರಿಹರದ ಆಪರೇಟರ್! ನನ್ನ ಅಕ್ಕ ಹರಿಹರದ ಶಾಲೆಯೊಂದರಲ್ಲಿ ಟೀಚರ್. ಆಗ ಬೇರೆ ಊರಿಗೆ ಫೋನ್ ಎಂದರೆ ಎಕ್ಸ್‌ಚೇಂಜಿನವರು ಹಾಕಿಕೊಡುವ ಟ್ರಂಕ್ ಕಾಲ್; ಅವಳ ಜೊತೆ ಮಾತಾಡಲು ನಾನು ಬುಕ್ ಮಾಡಿದಾಗಲೆಲ್ಲ ಆ ಕಡೆಯ ಎಕ್ಸ್‌ಚೇಂಜಿನಿಂದ ಒಂದು ಚುರುಕು ದನಿ ಕೇಳುತ್ತಿತ್ತು. ನನ್ನದೋ ದೊಡ್ಡ ಗಂಟಲು. ಫೋನಿನಲ್ಲಿ ಮಾತಾಡಿದರೆ ಫೋನೇ ಬೇಡ, ಹರಿಹರಕ್ಕೆ ಹಾಗೇ ಕೇಳುತ್ತದೆ ಎಂದು ಮನೆಯಲ್ಲಿ ಹಾಸ್ಯ ಮಾಡುತ್ತಿದ್ದರು. ಆ ದನಿ ನನ್ನನ್ನು ಗದರುತ್ತಿತ್ತು: "ಒದರಬ್ಯಾಡ್ರಿ ಮೇಡಂ, ನಮಗೂ ಕಿವಿ ಅದಾವೆ!" ನಾನೇನು ಕಡಿಮೆಯೇ? "ಮೊದಲು ಲೈನ್ ಸರಿ ಕೊಡಮ್ಮಾ" ಎಂದು ತಿರುಗಿಸಿ ಕೊಡುತ್ತಿದ್ದೆ. ಒಮ್ಮೆಯೂ ಮುಖ ನೋಡಿರದ ನನ್ನ ಜಗಳಗಂಟಿ ಇಲ್ಲಿ ಹೀಗೆ ಮಲಗಿದ್ದಳು.

ಅವಳನ್ನು ನೋಡಿಕೊಳ್ಳುತ್ತಿದ್ದ ಫಿಸಿಷಿಯನ್ ನನಗಿಂತ ಹಿರಿಯರು, ಮಾತು ಕಡಿಮೆ. ವರಾಂಡಕ್ಕೆ ಕರೆದು ಹೇಳಿದರು: "ಔಷಧ ಮೆದುಳಿಗೆ ಹೋಗ್ತಿಲ್ಲ ಅನ್ಸುತ್ತೆ ಮೇಡಂ. ನಾಡಿದ್ದಿನಿಂದ ಸ್ಟ್ರೆಪ್ಟೋಮೈಸಿನ್ನನ್ನ ನೇರ ಬೆನ್ನೊಳಗೇ ಕೊಡೋಣ ಅಂತಿದ್ದೀನಿ. ದಿನಾ ಒಂದು."

"ಕಿವಿ ಸರ್?"

"ಅದೇ ನನಗೂ ಹೆದರಿಕೆ. ಮೊದಲನೇ ಸಲ ಇದನ್ನೇ ತೋಳಿಗೆ ಇಂಜೆಕ್ಷನ್ ಕೊಟ್ಟಾಗಲೇ ಕಿವಿಯಲ್ಲಿ ಗುಂಯ್ ಅಂತಿದೆ ಅಂದಿದ್ಲು, ಅದಕ್ಕೇ ನಿಲ್ಲಿಸಿದ್ದು. ಈಗ ಕೊಟ್ರೆ ಕಿವುಡಾಗಬಹುದು. ಕೊಡದಿದ್ರೆ ಹುಡುಗಿ ಉಳಿಯಲ್ಲ."

ಮೆದುಳಿನ ರಕ್ತನಾಳಗಳು ದೇಹದ ಉಳಿದ ಕಡೆಯವುಗಳಂತಲ್ಲ. ಅವುಗಳ ಗೋಡೆ ಸಂದಿಯೇ ಇಲ್ಲದಂತೆ ಬಿಗಿಯಾಗಿ ಹೆಣೆದುಕೊಂಡಿದೆ. ರಕ್ತದಲ್ಲಿ ತೇಲಿ ಬರುವ ಎಷ್ಟೋ ಔಷಧಗಳನ್ನು ಅದು ಹೊರಗೇ ನಿಲ್ಲಿಸುತ್ತದೆ. ಸ್ಟ್ರೆಪ್ಟೋಮೈಸಿನ್ ಹಾಗೆ ಹೊರಗೆ ನಿಲ್ಲುವಂಥದ್ದು. ಆದರೆ ಹುಡುಗಿ ನುಂಗುತ್ತಿದ್ದ ಕ್ಷಯದ ಮಾತ್ರೆ ಐಸೋನಿಯಾಜಿಡ್ ಪುಟ್ಟ ಅಣು, ಆ ಗೋಡೆಯನ್ನು ಸಲೀಸಾಗಿ ದಾಟುತ್ತದೆ ಎಂದು ನಾನೇ ಪಾಠ ಮಾಡುತ್ತಿದ್ದೆ. ಕ್ಷಯದ ಇನ್ನೊಂದು ಒಳ್ಳೆಯ ಔಷಧ ರಿಫಾಂಪಿಸಿನ್ ಆಗ ನಮ್ಮ ಕಡೆ ಕೇಳಿದಾಗ ಸಿಗುತ್ತಿರಲಿಲ್ಲ. ನಮ್ಮ ಭರವಸೆಯೆಲ್ಲ ಈ ಐಸೋನಿಯಾಜಿಡ್ ಮೇಲೆ. ಅದು ನಿಜಕ್ಕೂ ದಾಟುತ್ತಿದೆಯೇ? ಅಳೆದು ನೋಡಿದವರು ಯಾರು?

"ನಾನು ಅಳೀತೀನಿ ಸರ್" ಎಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅಳೆಯುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ವಿಧಾನ ಗೊತ್ತಿತ್ತು. ಐಸೋನಿಯಾಜಿಡ್ ಅಣುವಿಗೆ ಒಂದು ಚಾಳಿಯಿದೆ. ಆಲ್ಡಿಹೈಡ್ ಎಂಬ ಗುಂಪಿನ ರಾಸಾಯನಿಕ ಎದುರಾದರೆ ಹೋಗಿ ಅಂಟಿಕೊಂಡುಬಿಡುತ್ತದೆ. ಸಿನಮಾಲ್ಡಿಹೈಡ್ ಎಂಬುದಕ್ಕೆ ಅಂಟಿಕೊಂಡರೆ ಹಳದಿ ಬಣ್ಣ ಬರುತ್ತದೆ. ಔಷಧ ಹೆಚ್ಚಿದ್ದಷ್ಟೂ ಹಳದಿ ಗಾಢ. ಆ ಸಿನಮಾಲ್ಡಿಹೈಡ್ ನಮ್ಮ ಸ್ಟೋರಿನಲ್ಲಿರಲಿಲ್ಲ. ತರಿಸಿದರೆ ಬಾಂಬೆಯಿಂದ ಬರಬೇಕು. ಅಷ್ಟರಲ್ಲಿ ಆ ಹುಡುಗಿಯ ಕಿವಿ ಹೋಗಿರುತ್ತಿತ್ತು, ಇಲ್ಲವೇ ಹುಡುಗಿಯೇ.

ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುವಾಗ ಮಸಾಲೆ ಡಬ್ಬಿಯ ತಳದಲ್ಲಿದ್ದ ಒಂದೇ ಚೂರು ಚಕ್ಕೆಯ ಘಮಕ್ಕೆ ಹೊಳೆಯಿತು. ಚಕ್ಕೆಗೆ ಆ ಘಮ ಬರುವುದೇ ಸಿನಮಾಲ್ಡಿಹೈಡಿನಿಂದ! ಒಲೆ ಆರಿಸಿ, ಸೀರೆ ಸೆರಗು ಸಿಕ್ಕಿಸಿಕೊಂಡು, ವಿದ್ಯಾನಗರದಿಂದ ಸಿಟಿ ಬಸ್ಸು ಹಿಡಿದು ಪೇಟೆಗೆ ಓಡಿದೆ. ನಾವು ಯಾವಾಗಲೂ ಮಸಾಲೆ ಸಾಮಾನು ಕೊಳ್ಳುತ್ತಿದ್ದ ಸಾಬರ ಅಂಗಡಿ ಇನ್ನೂ ತೆರೆದಿತ್ತು.

"ಚಕ್ಕಿ ಯಾತಕ್ಕ ಬೇಕ್ರಿ ಮೇಡಂ? ಬಿರಿಯಾನಿಗಾ, ಮಸಾಲಿ ಪುಡಿಗಾ?"

"ಮೆದುಳಿಗೆ."

ಅವರು ತಕ್ಕಡಿ ಕೆಳಗಿಟ್ಟು ನನ್ನನ್ನೇ ನೋಡಿದರು. ನಾನು ಇದ್ದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿದೆ. ಅವರು ಒಳಗಿನ ಡಬ್ಬಿಯಿಂದ ದಪ್ಪ ಚಕ್ಕೆ ತೆಗೆದು, ಒಂದು ಚೂರು ತಾವು ಕಡಿದು, ಒಂದು ಚೂರು ನನಗೆ ಕೊಟ್ಟರು. ನಾಲಿಗೆ ಚುರುಗುಟ್ಟಿತು. "ಖಡಕ್ ಮಾಲ್ ಐತೆ, ತಗೊಂಡು ಹೋಗ್ರಿ. ಆ ಬೇಟಿ ಆರಾಮಾಗ್ಲಿ. ದುವಾ ಮಾಡ್ತೀನಿ" ಎಂದರು.

ಮರುದಿನ ಬೆಳಿಗ್ಗೆ ಲ್ಯಾಬಿನಲ್ಲಿ ಚಕ್ಕೆ ಕುಟ್ಟಿ, ಫ್ಲಾಸ್ಕಿನಲ್ಲಿ ನೀರಿನ ಜೊತೆ ಕುದಿಸಿ, ಹಬೆಯನ್ನು ತಣ್ಣೀರು ಹರಿಯುವ ಗಾಜಿನ ಕೊಳವೆಯಲ್ಲಿ ಇಳಿಸಿದೆ. ಮೊದಲು ಹಾಲಿನಂಥ ನೀರು ತೊಟ್ಟಿಕ್ಕಿತು. ಆಮೇಲೆ ತಳದಲ್ಲಿ ಸಣ್ಣ ಸಣ್ಣ ಎಣ್ಣೆಯ ಹನಿಗಳು ಕೂತವು. ಬೇರೆ ಎಣ್ಣೆ ನೀರಿನ ಮೇಲೆ ತೇಲುತ್ತದೆ, ಚಕ್ಕೆ ಎಣ್ಣೆ ಮುಳುಗುತ್ತದೆ. ಆ ಹನಿಗಳನ್ನು ನೋಡಿ ನಾನು ಕುಣಿದದ್ದೊಂದು ಬಾಕಿ. ಪಾಠಕ್ಕೆ ಬಂದ ವಿದ್ಯಾರ್ಥಿಗಳು ಬಾಗಿಲಲ್ಲೇ ಮೂಗರಳಿಸಿ, "ಮೇಡಂ, ಇವತ್ತು ಪ್ರಾಕ್ಟಿಕಲ್ಲೋ ಊಟವೋ?" ಎಂದರು.

ಎಣ್ಣೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದೆ. ಐಸೋನಿಯಾಜಿಡ್ ಮಾತ್ರೆಯನ್ನು ಅರೆದು ನೀರಿನಲ್ಲಿ ಕರಗಿಸಿ, ಸೋಸಿ, ತೆಳು ಮಾಡುತ್ತಾ ಹೋಗಿ ಸಾಲಾಗಿ ಟ್ಯೂಬುಗಳಲ್ಲಿಟ್ಟೆ. ಎಲ್ಲಕ್ಕೂ ಚಕ್ಕೆ ಎಣ್ಣೆಯ ದ್ರಾವಣ ಹಾಕಿದೆ. ಒಂದೊಂದಾಗಿ ಹಳದಿ ತಿರುಗಿದವು. ಈ ತುದಿಯದು ತಿಳಿ, ಆ ತುದಿಯದು ಸೇವಂತಿಗೆಯ ಬಣ್ಣ. ಅಯ್ಯೋ, ಎಂಥ ಚಂದ!

ಅದೇ ಗುಂಗಿನಲ್ಲಿ ಹುಡುಗಿಯ ಬೆನ್ನುನೀರು ತೆಗೆದುಕೊಂಡೆ. ಆಸಿಡ್ ಹಾಕಿ ಪ್ರೋಟೀನನ್ನು ಹಾಲು ಒಡೆಸುವಂತೆ ಒಡೆಸಿದೆ. ಕರೆಂಟ್ ಹೋಗಿತ್ತು, ಕೈಯಲ್ಲಿ ತಿರುಗಿಸುವ ಹಳೆ ಸೆಂಟ್ರಿಫ್ಯೂಜನ್ನು ರಟ್ಟೆ ನೋಯುವವರೆಗೆ ತಿರುಗಿಸಿದೆ. ಮೇಲಿನ ತಿಳಿಗೆ ಚಕ್ಕೆ ದ್ರಾವಣ ಹಾಕಿ ಕಿಟಕಿಗೆ ಹಿಡಿದರೆ ಹಳದಿ! ಔಷಧ ಮೆದುಳು ಮುಟ್ಟಿದೆ ಎಂದು ಕೂಗಿಕೊಳ್ಳುವುದರಲ್ಲಿದ್ದೆ. ಆಗ ಪಕ್ಕದಲ್ಲಿಟ್ಟಿದ್ದ ಇನ್ನೊಂದು ಟ್ಯೂಬ್ ಕಣ್ಣಿಗೆ ಬಿತ್ತು. ಅದೂ ಅವಳ ಬೆನ್ನುನೀರೇ, ಹೋಲಿಕೆಗೆಂದು ಚಕ್ಕೆ ದ್ರಾವಣ ಹಾಕದೆ ಉಳಿಸಿದ್ದು. ಅದೂ ಅಷ್ಟೇ ಹಳದಿ. ಕಾಯಿಲೆಯಿಂದ ಅವಳ ಬೆನ್ನುನೀರೇ ಹಳದಿಗಟ್ಟಿತ್ತು. ಕರೆಂಟ್ ಬಂದಮೇಲೆ, ಬಣ್ಣದ ಗಾಢತೆ ಅಳೆಯುವ ಕಲರಿಮೀಟರಿನಲ್ಲಿ ಒಂದನ್ನು ಇನ್ನೊಂದರಿಂದ ಕಳೆದರೆ ಉಳಿದದ್ದು ಇಲ್ಲವೆನ್ನುವಷ್ಟು.

ನನ್ನ ವಿಧಾನವೇ ಸರಿಯಿಲ್ಲವೇನೋ ಎಂದು ಇನ್ನೊಂದು ಪರೀಕ್ಷೆ ಮಾಡಿದೆ. ಆಪರೇಷನ್ನಿಗೆಂದು ಬೆನ್ನಿಗೆ ಅರಿವಳಿಕೆ ಪಡೆಯುತ್ತಿದ್ದ ಬೇರೊಬ್ಬ ರೋಗಿಯ ಒಪ್ಪಿಗೆ ಕೇಳಿ, ಸೂಜಿಯಿಂದ ಬಂದ ಕೆಲವು ಹನಿ ಬೆನ್ನುನೀರು ತಂದು, ಅದಕ್ಕೆ ನಾನೇ ಐಸೋನಿಯಾಜಿಡ್ ಬೆರೆಸಿ ನೋಡಿದೆ. ಚೆನ್ನಾಗಿ ಹಳದಿ ಬಂತು. ವಿಧಾನ ಸರಿಯಿತ್ತು. ಹುಡುಗಿಯ ಬೆನ್ನುನೀರಿನಲ್ಲಿ ಔಷಧವಿರಲಿಲ್ಲ.

ಫಿಸಿಷಿಯನ್ ಕೇಳಿ ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ಗೋಡೆ ದಾಟ್ತಿಲ್ಲ. ನಾಳೆ ಬೆಳಿಗ್ಗೆ ಬೆನ್ನಿಗೇ ಶುರು ಮಾಡ್ತೀನಿ."

ನಾನು ಹೂಂ ಎಂದು ಎದ್ದು ಬಾಗಿಲವರೆಗೆ ಬಂದೆ. ಅಲ್ಲೇ ನಿಂತೆ. ಪುಟ್ಟ ಅಣು, ಸಲೀಸಾಗಿ ದಾಟುವಂಥದ್ದು, ಅದೂ ಗೋಡೆಗೆ ಉರಿಯೂತ ಬಂದು ಸಡಿಲಾಗಿರುವಾಗ ಯಾಕೆ ದಾಟುವುದಿಲ್ಲ? ದಾಟಿಲ್ಲ ಎನ್ನುವ ಮೊದಲು ಅದು ಗೋಡೆಯ ಹತ್ತಿರ ಬಂದಿದೆಯೇ ಎಂದು ನೋಡಬೇಡವೇ? ತಿರುಗಿ ಬಂದು ಹೇಳಿದೆ:

"ಸರ್, ರಕ್ತ ಬೇಕು. ಮಾತ್ರೆ ಕೊಟ್ಟು ಎರಡು ತಾಸಿಗೆ ತೆಗೆದದ್ದು."

"ಮೇಡಂ, ನಿಮ್ಮ ಬಣ್ಣ ನೋಡೋವರೆಗೆ ಮೆದುಳು ಕಾಯಲ್ಲ."

"ಇವತ್ತೇ ಹೇಳ್ತೀನಿ. ಬೆಳಿಗ್ಗೆವರೆಗೆ ನಿಮಗೇನೂ ತಡ ಆಗಲ್ಲ."

ನನ್ನ ಗಂಟಲಿಗೆ ಹೆದರಿಯೋ ಏನೋ, ಒಪ್ಪಿದರು.

ರಕ್ತದ ಟ್ಯೂಬಿಗೂ ಬಣ್ಣ ಬರಲಿಲ್ಲ. ನಾನು ಮೂರು ಸಲ ನೋಡಿದೆ. ಗೋಡೆಯ ಮಾತು ಹಾಗಿರಲಿ, ಔಷಧ ಊರಿಗೇ ಬಂದಿರಲಿಲ್ಲ! ಮೆಟ್ಟಿಲು ಹತ್ತಿ ವಾರ್ಡಿಗೆ ಓಡಿದೆ. ಫಿಸಿಷಿಯನ್ ಮುಖ ಕೆಂಪಾಯಿತು. ನಮ್ಮಲ್ಲಿ ಮಾತ್ರೆಗಳನ್ನು ಸಿಸ್ಟರ್ ರೋಗಿಯ ಕಡೆಯವರ ಕೈಗೆ ಕೊಡುತ್ತಿದ್ದರು, ಅವರು ನುಂಗಿಸುತ್ತಿದ್ದರು.

"ಏನಮ್ಮಾ, ಮಗಳಿಗೆ ಗುಳಿಗೆ ಕೊಡ್ತಿಲ್ವಾ ನೀವು?" ಎಂದು ಗದರಿದರು.

ಆ ತಾಯಿ ದಂಗಾಗಿ ಎದ್ದು ನಿಂತರು. "ದೇವ್ರಾಣೆ ರೀ ಡಾಕ್ಟ್ರೇ, ಒಂದು ಗುಳಿಗೀನೂ ತಪ್ಸಿಲ್ಲ. ಮನಿಯಾಗೂ ತಪ್ಸಿಲ್ಲ, ಇಲ್ಲೂ ತಪ್ಸಿಲ್ಲ. ನನ್ ಮಗ್ಳ ಜೀವಕ್ಕೆ ನಾನ್ಯಾಕ ಮೋಸ ಮಾಡ್ಲಿ?" ಅವರ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯಿತು. ಅದು ಸುಳ್ಳು ಹೇಳುವವರ ಅಳುವಲ್ಲ.

"ಅಳಬೇಡ್ರಮ್ಮಾ. ಹೆಂಗೆ ಕೊಡ್ತೀರಿ, ನನಗೊಂದ್ಸಲ ತೋರಿಸ್ರಿ" ಎಂದೆ.

ಅವರು ಮಂಚದ ಕೆಳಗಿನ ಚೀಲದಿಂದ ಒಂದು ಪುಟ್ಟ ಭರಣಿ ತೆಗೆದರು. ಮುಚ್ಚಳ ತೆಗೆದರೆ ಒಳಗೆ ಕಪ್ಪಗೆ ಹೊಳೆಯುವ ಲೇಹ್ಯ.

"ಗುಳಿಗಿ ನುಂಗಿದ್ರೆ ಬಳಕ್ಕನ ವಾಂತಿ ಮಾಡ್ಕೊಂತಿದ್ಲು ರೀ. ಅದಕ್ಕ ಬಾಣಂತಿಗೆ ಲೇಹ ಮಾಡಲ್ವಾ, ಹಂಗೇ ಮಾಡಿದೆ. ಒಂದು ವಾರದ ಗುಳಿಗಿ ಕುಟ್ಟಿ, ಬೆಲ್ಲದ ಪಾಕದಾಗೆ ಹಾಕಿ ಗಟ್ಟಿಯಾಗೋ ತನಕ ಕುದ್ಸಿ, ತುಪ್ಪ ಬಿಟ್ಟು ಇಳಿಸ್ತೀನಿ. ಹೊತ್ತೊತ್ತಿಗೆ ನಾಲಿಗಿಗೆ ಹಚ್ತೀನಿ, ಚಪ್ಪರಿಸ್ತಾಳೆ. ಇಲ್ಲಿ ಸಿಸ್ಟರ್ ಕೊಟ್ಟ ಗುಳಿಗೀನೂ ಇಟ್ಕೊಂಡು, ನಮ್ಮನಿಯೋರ ಕೈಲಿ ಹರಿಹರಕ್ಕ ಕಳ್ಸಿ ಲೇಹ ಮಾಡಿ ತರಿಸ್ತೀನಿ. ವಾಸನಿ ಚಲೋ ಇರ್ಲಿ ಅಂತ ಏಲಕ್ಕಿ, ಚಕ್ಕಿ ಎಲ್ಲ ಹಾಕೀನ್ರಿ."

ಚಕ್ಕೆ! ಭರಣಿಯನ್ನು ಮೂಗಿಗೆ ಹಿಡಿದೆ. ನನ್ನ ಲ್ಯಾಬಿನದೇ ವಾಸನೆ. ಆ ಕ್ಷಣದಲ್ಲಿ ತಲೆಯೊಳಗೆ ದೀಪ ಹತ್ತಿದಂತಾಯಿತು. ಈ ಔಷಧ ಆಲ್ಡಿಹೈಡ್ ಕಂಡರೆ ಅಂಟಿಕೊಳ್ಳುತ್ತದೆ ಎಂದು ತಾನೇ ನಾನು ಚಕ್ಕೆ ಕುಟ್ಟಿದ್ದು? ಬೆಲ್ಲದಲ್ಲಿ ಗ್ಲೂಕೋಸ್ ಇದೆಯಲ್ಲ, ಅದರ ತುದಿಯಲ್ಲಿರುವುದೂ ಆಲ್ಡಿಹೈಡೇ! ಬಿಸಿ ಪಾಕದಲ್ಲಿ ಕುದ್ದು, ಭರಣಿಯಲ್ಲಿ ದಿನಗಟ್ಟಲೆ ಕೂತ ಔಷಧ ಬೆಲ್ಲಕ್ಕೇ ಅಂಟಿಹೋಗಿತ್ತು. ನಾನು ಟ್ಯೂಬಿನಲ್ಲಿ ಹಿಡಿಯಬೇಕೆಂದಿದ್ದನ್ನು ಹರಿಹರದ ಒಲೆಯ ಮೇಲೆ ಬೆಲ್ಲ ಮೊದಲೇ ಹಿಡಿದಿಟ್ಟಿತ್ತು. ಹಾಗೆ ಹಿಡಿದಿಟ್ಟದ್ದನ್ನು ಕರುಳು ಸರಿಯಾಗಿ ಹೀರುವುದಿಲ್ಲ.

ಊಹೆ ಸಾಲದು. ಭರಣಿಯಿಂದ ಒಂದಿಷ್ಟು ಲೇಹ್ಯ ತೆಗೆದುಕೊಂಡು ಲ್ಯಾಬಿಗೆ ಓಡಿದೆ. ಮಾತ್ರೆ ಹಾಕದ ಬೆಲ್ಲದ ಪಾಕವನ್ನೂ ಸ್ಟವ್ ಮೇಲೆ ಮಾಡಿ ಪಕ್ಕದಲ್ಲಿಟ್ಟು ಹೋಲಿಸಿದೆ. ಅಷ್ಟೊಂದು ಮಾತ್ರೆ ಕುಟ್ಟಿ ಹಾಕಿದ್ದ ಲೇಹ್ಯದಲ್ಲಿ ಬಿಡಿಯಾಗಿ ಉಳಿದ ಔಷಧ ಹೆಸರಿಗಷ್ಟೇ ಇತ್ತು.

ಫಿಸಿಷಿಯನ್‌ಗೆ ತೋರಿಸಿದೆ. ಬೆಳಿಗ್ಗೆ ಬೆನ್ನಿಗೆ ಕೊಡಬೇಕಾದ ಸ್ಟ್ರೆಪ್ಟೋಮೈಸಿನ್ ಆಗಲೇ ಟ್ರೇಯಲ್ಲಿ ಬಂದು ಕೂತಿತ್ತು. ಕಾಯ್ದರೆ ಹುಡುಗಿ ಕೈಬಿಟ್ಟು ಹೋಗಬಹುದು. ಕೊಟ್ಟರೆ ಕಿವಿ. ಕೊನೆಗೆ ಟ್ರೇಯನ್ನು ಪಕ್ಕಕ್ಕೆ ಸರಿಸಿದರು. "ಒಂದು ದಿನ. ಮೂಗಿನ ನಳಿಗೆಯಲ್ಲಿ, ಬರೀ ನೀರಲ್ಲಿ ಕರಗಿಸಿ, ನನ್ನೆದುರು ಕೊಡೋಣ. ನಾಳೆ ಮಧ್ಯಾಹ್ನ ಬೆನ್ನುನೀರು ತೆಗೀತೀನಿ. ಬಣ್ಣ ಬರದಿದ್ರೆ ನಾನು ನಿಮ್ಮ ಮಾತು ಕೇಳಲ್ಲ."

ಇನ್ನು ಆ ತಾಯಿಗೆ ಹೇಳುವ ಕೆಲಸ. ನಾನು ಎಷ್ಟು ಮೆತ್ತಗೆ ಹೇಳಿದೆನೆಂದರೆ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವರು ಭರಣಿಯನ್ನೇ ನೋಡುತ್ತಾ ಕೇಳಿದರು.

"ಹಂಗಾರೆ ನನ್ ಕೈಯಾರೆ ನಾನೇ ಮಗ್ಳಿಗೆ ಔಷಧ ಮುಟ್ಟದಂಗೆ ಮಾಡಿದ್ನಾ?"

"ಇಲ್ಲಮ್ಮಾ. ವಾಂತಿ ಆಗೋ ಮಗಳಿಗೆ ಒಂದು ಹೊತ್ತೂ ತಪ್ಪಿಸದೆ ಕೊಟ್ಟ ಕೈ ಅದು. ಬೆಲ್ಲ ಹೀಗೆ ಮಾಡುತ್ತೆ ಅಂತ ಯಾರೂ ನಿಮಗೆ ಹೇಳಿರಲಿಲ್ಲ, ನಮಗೂ ಇವತ್ತೇ ಗೊತ್ತಾಗಿದ್ದು. ಅದೇ ಕೈಯಿಂದ ಈಗ ನೀರಲ್ಲಿ ಕೊಡ್ರಿ." ಹೇಳುತ್ತಾ ನಾನೂ ಅತ್ತುಬಿಟ್ಟೆ. ಮಾತ್ರೆಯನ್ನು ಅವರೇ ಅರೆದರು. ನಳಿಗೆಗೆ ಹನಿಹನಿಯಾಗಿ ಅವರೇ ಬಿಟ್ಟರು.

ಮರುದಿನ ಮಧ್ಯಾಹ್ನ ರಕ್ತ, ಬೆನ್ನುನೀರು ಎರಡೂ ಬಂದವು. ಪಿಪೆಟ್ಟಿನಲ್ಲಿ ಎಳೆದದ್ದನ್ನು ಚೆಲ್ಲಿ ಮತ್ತೆ ಎಳೆದೆ. ಚಕ್ಕೆ ದ್ರಾವಣ ಹಾಕದ ಟ್ಯೂಬು ಎಡಕ್ಕೆ, ಹಾಕಿದ್ದು ಬಲಕ್ಕೆ. ಮೊದಮೊದಲು ಎರಡೂ ಒಂದೇ. ಆಮೇಲೆ ಬಲದ ಟ್ಯೂಬು ನಿಧಾನವಾಗಿ, ನನ್ನ ಕಣ್ಣೆದುರೇ, ಹಳದಿ ಏರಿಸಿಕೊಳ್ಳತೊಡಗಿತು. ಅನುಮಾನವೇ ಇಲ್ಲ. ಕಲರಿಮೀಟರಿನ ಮುಳ್ಳೂ ಹೌದೆಂದಿತು. ರಕ್ತದಲ್ಲಿ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಬೆನ್ನುನೀರಿನಲ್ಲೂ ಇತ್ತು. ಗೋಡೆ ದಾಟಿ ಬಂದಿತ್ತು ನನ್ನ ಪುಟ್ಟ ಅಣು! ಟ್ಯೂಬುಗಳನ್ನು ಸ್ಟ್ಯಾಂಡ್ ಸಮೇತ ಎತ್ತಿಕೊಂಡು, ಚಪ್ಪಲಿ ಲ್ಯಾಬಿನಲ್ಲೇ ಬಿಟ್ಟು ಓಡಿದೆ. "ಬಂತು ಸರ್, ಬಂತು!" ಎಂದು ಮೆಟ್ಟಿಲಿನಿಂದಲೇ ಕೂಗಿದ್ದು ಇಡೀ ಆಸ್ಪತ್ರೆಗೆ ಕೇಳಿತಂತೆ.

ಫಿಸಿಷಿಯನ್ ಟ್ಯೂಬುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆ ಮನುಷ್ಯ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಮರುಕ್ಷಣವೇ ಗಂಭೀರರಾದರು. "ಸೊಂಟದ ನೀರಿನಲ್ಲಿದೆ. ಮೆದುಳಿನ ಮೂಲೆ ಮೂಲೆಗೂ ಹರಡಿದೆಯೋ ಇಲ್ಲವೋ ನಿಮ್ಮ ಹಳದಿ ಹೇಳಲ್ಲ ಮೇಡಂ. ಅದನ್ನ ಅವಳೇ ಹೇಳಬೇಕು." ಅವರು ಹೇಳಿದ್ದು ಸರಿಯಿತ್ತು. ಇವತ್ತು ಎಚ್‌ಐವಿ ಔಷಧಗಳ ಬಗ್ಗೆ ಬರೆಯುವವರೂ ಅದೇ ಮಾತು ಹೇಳುತ್ತಾರೆ. ಟ್ರೇಯಲ್ಲಿದ್ದ ಸ್ಟ್ರೆಪ್ಟೋಮೈಸಿನ್ ಅಲ್ಲಿಂದ ವಾಪಸ್ ಹೋಯಿತು.

ಅವಳು ಒಮ್ಮೆಲೇ ಎದ್ದು ಕೂರಲಿಲ್ಲ. ಜ್ವರ ಇಳಿಯಲು ದಿನಗಳು ಹಿಡಿದವು. ಕತ್ತು ಸಡಿಲಾಯಿತು. ಬೆನ್ನುನೀರಿನಲ್ಲಿ ಸಕ್ಕರೆ ಏರತೊಡಗಿತು. ಒಂದು ಬೆಳಿಗ್ಗೆ ಕಣ್ಣು ತೆರೆದು ತಾಯಿಯ ಸೆರಗು ಹಿಡಿದಳಂತೆ. ಮಾತು ಮಾತ್ರ ಇರಲಿಲ್ಲ. ಕೇಳಿದ್ದಕ್ಕೆ ತಲೆಯನ್ನೂ ಆಡಿಸುತ್ತಿರಲಿಲ್ಲ. ಕೇಳಿಸುತ್ತಿಲ್ಲವೋ, ತಿಳಿಯುತ್ತಿಲ್ಲವೋ, ಯಾರಿಗೂ ಹೇಳಲಾಗಲಿಲ್ಲ. ಹಾಗೆಯೇ ಹರಿಹರಕ್ಕೆ ಹೋದಳು. ಮಾತ್ರೆ ನೀರಿನಲ್ಲಿ ಕೊಡುತ್ತಿದ್ದಾರೆ, ಹುಡುಗಿ ನಡೆದಾಡುತ್ತಾಳೆ ಎಂದು ಆಗೊಮ್ಮೆ ಈಗೊಮ್ಮೆ ಅಕ್ಕ ಸುದ್ದಿ ಕೊಡುತ್ತಿದ್ದಳು. ಅಕ್ಕನಿಗೆ ಫೋನ್ ಮಾಡಿದಾಗಲೆಲ್ಲ ಎಕ್ಸ್‌ಚೇಂಜಿನಲ್ಲಿ ಬೇರೆ ಯಾರದೋ ದನಿ. ಎಷ್ಟು ಕೂಗಿದರೂ ಆ ದನಿ ನನ್ನನ್ನು ಬೈಯುತ್ತಿರಲಿಲ್ಲ. ನನಗೆ ಅದೇ ಬೇಸರ.

ಆ ವರ್ಷ ದಸರಾ ರಜೆ ಮುಗಿದು ಕಾಲೇಜು ತೆರೆದಿತ್ತು. ಲ್ಯಾಬಿನ ಫೋನ್ ಹೊಡೆದುಕೊಂಡಿತು. ಎತ್ತಿದರೆ ಗರಗರ ಸದ್ದು.

"ಹಲೋ! ಯಾರು? ಹಲೋ!" ಎಂದು ಎಂದಿನಂತೆ ಕಿರುಚಿದೆ.

"ಹರಿಹರದಿಂದ ಕಾಲ್ ಐತೆ ಮೇಡಂ, ಲೈನ್‌ನಾಗೆ ಇರ್ರಿ."

ಆ ದನಿ! ಒಂದಿಷ್ಟು ತೊದಲಿತ್ತು, ನಿಧಾನವಿತ್ತು. ಆದರೆ ಅದೇ. ನಾನು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಹಲೋ, ನೀನೇನಾ? ನಾನು ಮಾತಾಡೋದು ಕೇಳಿಸ್ತಿದೆಯಾ? ಹಲೋ, ಕೇಳಿಸ್ತಾ ಇದೆಯೇನೇ?"

ಆ ಕಡೆ ಕಿಸಕ್ಕೆಂದು ನಕ್ಕ ಸದ್ದು.

"ಒದರಬ್ಯಾಡ್ರಿ ಮೇಡಂ. ನಂಗೆ ಕೇಳ್ತೈತೆ."